ಹರಿಹರದ ಕಾಯಿ

ದಾವಣಗೆರೆ
7 ಅಕ್ಟೋಬರ್ 2025

ಮಗಳು ನಯನಾಗೆ,

ಅಪ್ಪಾಜಿ ಬರೆಯುತ್ತಿರುವ ಕಾಗದ. ನೀನು ಫೋನ್ ಎತ್ತುತ್ತಿಲ್ಲ. ಎತ್ತಿದರೂ ನಮ್ಮಿಬ್ಬರದು ಎರಡನೇ ಮಾತಿಗೇ ಜಗಳ ಹತ್ತುತ್ತದೆ. “ಕಾಗದ ಬರಿ. ಅದರಾಗಾದ್ರೆ ಒಬ್ರು ಮಾತಾಡುವಾಗ ಇನ್ನೊಬ್ರು ಬಾಯಿ ಹಾಕಾಕೆ ಬರಲ್ಲ” ಎಂದು ನಿನ್ನ ಅಜ್ಜಿ ಅಪ್ಪಣೆ ಮಾಡಿದ್ದಾಳೆ. ಮರುಳಸಿದ್ದಮ್ಮನ ಅಪ್ಪಣೆ ಮೀರಿದವರು ಈ ಮನೆಯಲ್ಲಿ ಯಾರಿದ್ದಾರೆ? ಅದಕ್ಕೇ ಅಂಗಡಿಯ ಲೆಟರ್‌ಹೆಡ್ ಹರಿದುಕೊಂಡು ಕೂತಿದ್ದೇನೆ.

ಮೊದಲು ನನ್ನ ದೂರು ಕೇಳು. ವಿಜಯದಶಮಿಯ ದಿನ ಓಣಿಯ ಹುಡುಗರೆಲ್ಲ ಬಂದು ಬನ್ನಿ ಕೊಟ್ಟು ನನ್ನ ಕಾಲಿಗೆ ಬಿದ್ದು ಹೋದರು. ಸ್ವಂತ ಮಗಳು ಮಾತ್ರ ಬೆಳಿಗ್ಗೆಯೇ ಚೀಲ ಎತ್ತಿಕೊಂಡು ರೈಲು ಹತ್ತಿದಳು. ಕೇಳಿದವರಿಗೆಲ್ಲ “ಕಂಪನಿಯಿಂದ ಅರ್ಜೆಂಟ್ ಬುಲಾವ್ ಬಂತ್ರಿ, ದೊಡ್ಡ ಇಂಜಿನಿಯರ್ ಅಲ್ವಾ” ಎಂದು ಹೇಳಿ ಮರ್ಯಾದೆ ಉಳಿಸಿಕೊಂಡೆ.

ನಿನ್ನ ದೊಡ್ಡಪ್ಪನ ಮಗ ಕೊಟ್ಟೂರೇಶ ಹೈದರಾಬಾದಿನಿಂದ ತಂದ ಕೆಂಪು ಸ್ಪೋರ್ಟ್ಸ್ ಕಾರಿನದೇ ಈಗ ಮಂಡಿಪೇಟೆಯಲ್ಲಿ ಮಾತು. ಆಯುಧ ಪೂಜೆ ಮಾಡಿಸಿಕೊಂಡು ಹರಿಹರದಿಂದ ಬರುವಾಗ ಬಾತಿಯ ಹತ್ತಿರ ಟ್ರ್ಯಾಕ್ಟರ್ ಅಡ್ಡ ಬಂದದ್ದು, ಹರಿಹರೇಶ್ವರನ ಕಾಯಿ ಕಾರಿನಲ್ಲಿ ಇದ್ದದ್ದರಿಂದ ಕೂದಲೆಳೆಯಲ್ಲಿ ಪಾರಾದದ್ದು, ಇದನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಆ ಕಾಯಿಯನ್ನು ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಅರಿಶಿನದ ಬಟ್ಟೆ ಸುತ್ತಿ ಇಟ್ಟಿದ್ದೇನೆ. ಭತ್ತ ಮಾರಲು ಬಂದವರೂ ಅದಕ್ಕೆ ಕೈಮುಗಿಯುತ್ತಾರೆ.

ಆಯುಧ ಪೂಜೆಯ ಸಂಜೆ ಅಂಗಡಿಯಲ್ಲಿ ಅಷ್ಟು ಜನರ ಮುಂದೆ, ಕಾರು ಓಡಿಸಿದವನು ಕೊಟ್ಟೂರೇಶ ಎಂದು ನಾನು ಹೇಳಿದ್ದು ನಿನಗೆ ಬೇಸರ ತಂದಿದೆ. ಗೊತ್ತು. ಆದರೆ ನೀನೇ ಯೋಚಿಸು. ಅಪ್ಪ ಅಜ್ಜಂದಿರ ಕಾಲದಿಂದ ಡ್ರೈವರುಗಳಿಗೆ ಸಂಬಳ ಕೊಟ್ಟ ಮನೆ ನಮ್ಮದು. ಮಲೆಬೆನ್ನೂರಿನ ಮಿಲ್ಲಿನ ಲಾರಿ ಡ್ರೈವರುಗಳು ನನ್ನ ಎದುರು ಕೂರುವುದಿಲ್ಲ. ಅಂಥಾದ್ದರಲ್ಲಿ ಉಜ್ಜನಪ್ಪನ ಮಗಳು ಡ್ರೈವರ್ ಎಂದು ನನ್ನ ಬಾಯಿಂದಲೇ ಹೇಗೆ ಹೊರಡಿಸಲಿ? ಹೊಟ್ಟೆಗೆ ಹಾಕಿಕೊಂಡು ಫೋನ್ ಎತ್ತು. ನಿಮ್ಮ ಅವ್ವ ಸರಿಯಾಗಿ ಉಣ್ಣುತ್ತಿಲ್ಲ.

ಆಶೀರ್ವಾದಗಳೊಂದಿಗೆ,
ಉಜ್ಜನಪ್ಪ


ಶ್ರೀಪೆರಂಬುದೂರು
19 ಅಕ್ಟೋಬರ್ 2025

ಅಪ್ಪಾಜಿಯವರಿಗೆ ನಮಸ್ಕಾರ.

ನಿಮ್ಮ ಕಾಗದ ಇವತ್ತು ಸಿಕ್ಕಿತು. ಲಕೋಟೆಯ ಮೇಲೆ ‘ನಯನಾ, ಇಂಜಿನಿಯರ್’ ಎಂದು ಬರೆದಿದ್ದಿರಿ. ಇಲ್ಲಿ ಇಂಜಿನಿಯರುಗಳ ಕಟ್ಟಡವೇ ಬೇರೆ. ಅಲ್ಲಿ ನನ್ನ ಹೆಸರಿನವರು ಯಾರೂ ಇಲ್ಲವೆಂದು ಅದು ಅಲ್ಲೇ ಧೂಳು ತಿನ್ನುತ್ತಾ ಬಿದ್ದಿತ್ತು. ನಾನು ಟ್ರ್ಯಾಕಿನ ಕಡೆಯವಳು. ನೀರು ಹರಿಸಿದ ರಸ್ತೆಯ ಮೇಲೆ ವೇಗವಾಗಿ ಹೋಗಿ, ಬ್ರೇಕ್ ಒತ್ತಿ, ಹೊಸ ಟೈರು ಎಷ್ಟು ಜಾರುತ್ತದೆ ಎಂದು ನೋಡುವುದು ನನ್ನ ಕೆಲಸ. ಈ ಕೆಲಸದ ಹೆಸರು ಟೆಸ್ಟ್ ಡ್ರೈವರ್. ಇಂಜಿನಿಯರಿಂಗ್ ಓದಿದ ಮೇಲೆ ನಾನೇ ಕೇಳಿ ಪಡೆದದ್ದು.

ಹಬ್ಬದ ದಿನದ ಕಥೆಯನ್ನು ನೀವು ಊರಿಗೆಲ್ಲ ಹೇಳಿದ್ದೀರಿ. ಒಂದು ಸಲ ನಾನೂ ನಿಮಗೆ ಹೇಳುತ್ತೇನೆ.

ಹರಿಹರಕ್ಕೆ ಹೋಗುವಾಗ ಓಡಿಸಿದ್ದು ಕೊಟ್ಟೂರೇಶಣ್ಣ. ರಸ್ತೆಯ ಪ್ರತಿ ಉಬ್ಬಿಗೂ ಕಾರಿನ ಹೊಟ್ಟೆ ಉಜ್ಜಿಸಿ, ಸರ್ಕಲ್ಲಿನ ನಡುವೆ ಇಂಜಿನ್ ಆಫ್ ಮಾಡಿಕೊಂಡು, ಹಿಂದಿನವರ ಹಾರನ್ನಿಗೆ ಬೆವೆತು ನೀರಾಗಿದ್ದ. ಪೂಜೆ ಮುಗಿದ ಮೇಲೆ ಕೀಲಿಯನ್ನು ನನ್ನ ಕೈಗೆ ತುರುಕಿ, “ತಂಗಿ, ನೀನೇ ತಗಂಡು ಹೋಗವ್ವ. ನಾನು ಅಜ್ಜಿ ಜೊತೆ ಹಿಂದಿನ ಗಾಡ್ಯಾಗ ಬರ್ತೀನಿ” ಎಂದ. ಎರಡೇ ಸೀಟಿನ ಕಾರು. ನೀವು ಆಗಲೇ ಹಾರ ಹಾಕಿಸಿಕೊಂಡು ಒಂದರಲ್ಲಿ ಕೂತಾಗಿತ್ತು. ಸ್ಟೇರಿಂಗ್ ಹಿಂದೆ ನಾನು ಬಂದು ಕೂತದ್ದು ನೋಡಿ ಇಳಿಯಬೇಕೆಂದರೆ ಗುಡಿಯ ಮುಂದೆ ಅಷ್ಟು ಜನ ಪರಿಚಿತರು. ನೀವು ಇಳಿಯಲಿಲ್ಲ.

ಕಾಯಿಯನ್ನು ಡಿಕ್ಕಿಯಲ್ಲಿ ಇಡೋಣ ಎಂದೆ. “ದೇವರ ಕಾಯಿನ ಸ್ಟೆಪ್ನಿ ಜೊತೆ ಇಡ್ತಾರೇನು?” ಎಂದಿರಿ. ಕಾಲ ಹತ್ತಿರ ಇಡುವುದಂತೂ ದೂರದ ಮಾತು. ಕಣ್ಣ ಮುಂದೆ ಇರಲಿ ಎಂದು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟಿರಿ. ಆ ಕಾರಿನ ಡ್ಯಾಶ್‌ಬೋರ್ಡ್ ಇಳಿಜಾರು.

ಬಾತಿಯ ಹತ್ತಿರ, ಬಾಳೆಕಂಬ ಕಟ್ಟಿಕೊಂಡ ಒಂದು ಟ್ರ್ಯಾಕ್ಟರ್ ರಾಂಗ್ ಸೈಡಿನಲ್ಲಿ ಹೈವೇಗೆ ಏರಿತು. ಅದರ ಟ್ರೈಲರ್ ನಮ್ಮ ದಾರಿಗೆ ಅಡ್ಡ ಬಂತು. ಬಲಕ್ಕೆ ನಮ್ಮ ಸಮಸಮಕ್ಕೆ ಲಾರಿ. ನಾನು ಬ್ರೇಕ್ ಮೇಲೆ ಕಾಲಿಟ್ಟೆ. ಕಾರು ಮುಗ್ಗರಿಸಿದ್ದೇ ಕಾಯಿ ಮುಂದಿನ ಗಾಜಿಗೆ ಬಡಿದು ಪುಟಿದು, ಇಳಿಜಾರಿನಲ್ಲಿ ಜಾರಿ ನನ್ನ ಮೊಣಕಾಲಿಗೆ ತಾಗಿ ಕೆಳಗೆ ಹೋಯಿತು. ಕಾಲು ಎತ್ತಿ ಮತ್ತೆ ಒತ್ತಿದರೆ ಪೆಡಲ್ ಕೆಳಗೆ ಹೋಗುತ್ತಿಲ್ಲ. ಕಾಯಿ ಅದರ ಬುಡದಲ್ಲಿ ಸಿಕ್ಕಿಕೊಂಡಿತ್ತು.

ಗೇರ್ ಇಳಿಸಿದೆ, ಇನ್ನೊಂದು ಇಳಿಸಿದೆ. ಹ್ಯಾಂಡ್ ಬ್ರೇಕನ್ನು ಒಮ್ಮೆಲೇ ಎಳೆದರೆ ಕಾರು ಬುಗುರಿಯ ಹಾಗೆ ತಿರುಗುತ್ತದೆ, ಅದಕ್ಕೆ ಎಳೆದು ಬಿಟ್ಟು, ಎಳೆದು ಬಿಟ್ಟು ವೇಗ ತಗ್ಗಿಸಿದೆ. ಎಡಗಡೆ ಮಣ್ಣಿನ ಅಂಚು. ಅಲ್ಲೊಂದು ಕಿಲೋಮೀಟರ್ ಕಲ್ಲು, ಅದರಾಚೆ ಕಾಲುವೆ. ಎರಡರ ನಡುವೆ ನುಗ್ಗಿಸಿ ನಿಲ್ಲಿಸಿದೆ. ಆಮೇಲೆ ಬಗ್ಗಿ ಕಾಯಿ ತೆಗೆದು ನಿಮ್ಮ ಕೈಗೆ ಕೊಟ್ಟೆ. ಎಲ್ಲಿಂದ ತೆಗೆದೆನೆಂದು ನೀವು ನೋಡಿದಿರಿ. ಅದನ್ನು ಕಣ್ಣಿಗೆ ಒತ್ತಿಕೊಂಡು “ಸ್ವಾಮಿ ದೊಡ್ಡೋನು” ಎಂದಿರಿ. ನನಗೆ ಒಂದು ಮಾತೂ ಹೇಳಲಿಲ್ಲ.

ದೇವರು ಕಾಪಾಡಿದ ಎಂದರೆ ನಾನು ಅಲ್ಲವೆನ್ನುವುದಿಲ್ಲ. ಆದರೆ ಆ ಸಂಜೆ ನೀವು ದೇವರಿಗೆ ಒಂದು ಪಾಲು ಕೊಟ್ಟಿರಿ, ಕಾಯಿಗೆ ಒಂದು ಪಾಲು, ಹಿಂದಿನ ಗಾಡಿಯಲ್ಲಿ ಬಂದ ಕೊಟ್ಟೂರೇಶಣ್ಣನಿಗೆ ಒಂದು ಪಾಲು. ಪ್ರಸಾದದ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತು ನಾನು ಎಲ್ಲವನ್ನೂ ಕೇಳಿದೆ. ನನ್ನ ಜೀವನದಲ್ಲಿ ನಾನು ಮಾಡಿದ ಅತ್ಯಂತ ಒಳ್ಳೆಯ ಕೆಲಸ ಅದು ಅಪ್ಪಾಜಿ. ನಿಮ್ಮನ್ನು ಮನೆಗೆ ಜೀವಂತ ತಂದೆ. ಅದನ್ನು ನೀವು ಬೇರೆಯವರಿಗೆ ಕೊಟ್ಟುಬಿಟ್ಟಿರಿ.

ಯಾರು ಓಡಿಸಿದರು ಎಂದು ಕೇಳಿದ ಅದೇ ಜನರಿಗೆ ನನ್ನ ಹೆಸರು ಹೇಳಿ. ಹೇಳುವವರೆಗೆ ನಾನು ದಾವಣಗೆರೆಗೆ ಬರುವುದಿಲ್ಲ. ಅವ್ವನ ಹತ್ತಿರ ದಿನಾ ಮಾತಾಡುತ್ತಿದ್ದೇನೆ, ಚೆನ್ನಾಗಿಯೇ ಉಣ್ಣುತ್ತಿದ್ದಾಳೆ.

ನಯನಾ


ದಾವಣಗೆರೆ
6 ನವೆಂಬರ್ 2025

ಮಗಳು ನಯನಾಗೆ,

ದೀಪಾವಳಿಗೂ ನೀನು ಬರಲಿಲ್ಲ. ನಿಮ್ಮ ಅವ್ವ ಕಟ್ಟಿಟ್ಟಿದ್ದ ಕರ್ಚಿಕಾಯಿಯನ್ನು ಸಿಟ್ಟಿಗೆ ನಾನೇ ತಿಂದು ಮುಗಿಸಿದೆ.

ನಿನ್ನ ಕಾಗದ ಓದಿದೆ. ಕಾಯಿ ಬ್ರೇಕಿನ ಕೆಳಗೆ ಸೇರಿದ್ದು ನಿಜ. ಆದರೆ ಅದೂ ದೇವರ ಲೆಕ್ಕವೇ ಇರಬೇಕು. ಬ್ರೇಕ್ ಹಿಡಿದು ಕಾರು ನಡುರಸ್ತೆಯಲ್ಲಿ ನಿಂತಿದ್ದರೆ ಹಿಂದಿನಿಂದ ಯಾವನೋ ಬಂದು ಗುದ್ದುತ್ತಿದ್ದ. ಇದಕ್ಕೆ ನೀನು ಏನು ಹೇಳುತ್ತೀ? ನನ್ನ ಹತ್ತಿರ ವಾದ ಮಾಡಿ ಗೆದ್ದವರು ಮಂಡಿಪೇಟೆಯಲ್ಲಿ ಇನ್ನೂ ಹುಟ್ಟಿಲ್ಲ.

ಇನ್ನು ಹೆಸರಿನ ಮಾತು. ಅದು ಈಗ ನನ್ನ ಕೈ ಮೀರಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಮ್ಮ ವರ್ತಕರ ಸಂಘದ ಅಧ್ಯಕ್ಷ ನಾಗಭೂಷಣ್ ಅವರು ಕೊಟ್ಟೂರೇಶನಿಗೆ ಡಿಸೆಂಬರಿನ ಸಭೆಯಲ್ಲಿ ಶಾಲು ಹೊದಿಸಿ ಸನ್ಮಾನ ಮಾಡುತ್ತಾರಂತೆ. ಹಿರಿಯರ ಪ್ರಾಣ ಉಳಿಸಿದ ಹುಡುಗ ಎಂದು. ಅದಕ್ಕಿಂತ ದೊಡ್ಡ ಸುದ್ದಿ, ಅವರ ಮಗ ಬಕ್ಕೇಶನ ಮದುವೆ ಫೆಬ್ರುವರಿಯಲ್ಲಿ, ಹೆಣ್ಣಿನವರು ಹರಿಹರದವರು. ಮದುಮಗನನ್ನು ದಾವಣಗೆರೆಯಿಂದ ಹರಿಹರದ ಕಲ್ಯಾಣ ಮಂಟಪಕ್ಕೆ ಆ ಕೆಂಪು ಕಾರಿನಲ್ಲಿ ನಮ್ಮ ಕೊಟ್ಟೂರೇಶನೇ ಕರೆದೊಯ್ಯಬೇಕಂತೆ. ನಮ್ಮ ಮನೆತನಕ್ಕೆ ಇದು ಸಣ್ಣ ಮರ್ಯಾದೆಯೇ? ನಾನು ಹೂಂ ಎಂದು ಬಂದಿದ್ದೇನೆ.

ಇಷ್ಟಾದರೂ ಕೊಟ್ಟೂರೇಶನ ಮುಖದಲ್ಲಿ ಕಳೆಯೇ ಇಲ್ಲ. ನಾನು ಬಂದರೆ ಎದ್ದು ಒಳಗೆ ಹೋಗುತ್ತಾನೆ. ಈಗಿನ ಹುಡುಗರಿಗೆ ಮರ್ಯಾದೆ ಬಂದರೂ ತಡೆಯುವುದಿಲ್ಲ.

ಉಜ್ಜನಪ್ಪ


ಶ್ರೀಪೆರಂಬುದೂರು
21 ನವೆಂಬರ್ 2025

ಅಪ್ಪಾಜಿಯವರಿಗೆ,

ಈ ಸಲವೂ ‘ಇಂಜಿನಿಯರ್’ ಎಂದೇ ಬರೆದಿದ್ದೀರಿ. ಕಾಗದ ಮತ್ತೆ ಆ ಕಟ್ಟಡಕ್ಕೇ ಹೋಗಿತ್ತು.

ವಾದದಲ್ಲಿ ನೀವೇ ಗೆದ್ದಿರಿ ಎಂದುಕೊಳ್ಳಿ. ನನ್ನ ಸಿಟ್ಟನ್ನೂ ಪಕ್ಕಕ್ಕಿಡಿ. ಆದರೆ ಬಕ್ಕೇಶನನ್ನು ಮಾತ್ರ ಆ ಕಾರಿನಲ್ಲಿ ಕೊಟ್ಟೂರೇಶಣ್ಣನ ಪಕ್ಕ ಕೂರಿಸಬೇಡಿ. ಅಣ್ಣ ಒಳ್ಳೆಯವನು, ಅವನಿಗೆ ಆ ಕಾರನ್ನು ಕಂಡರೆ ಪ್ರೀತಿ, ಓಡಿಸಲು ಮಾತ್ರ ಭಯ. ಭಯಪಟ್ಟವನ ಕಾಲು ಬ್ರೇಕ್ ಬದಲು ಆಕ್ಸಿಲರೇಟರ್ ಮೇಲೆ ಬೀಳುವುದನ್ನು ನಾನು ಇಲ್ಲಿ ಎಷ್ಟೋ ಸಲ ನೋಡಿದ್ದೇನೆ. ಇಲ್ಲಿ ಟ್ರ್ಯಾಕಿನ ಸುತ್ತ ಟೈರಿನ ಗೋಡೆ ಇದೆ. ಹೈವೇಯಲ್ಲಿ ಏನಿದೆ? ಒಂದು ಸುಳ್ಳನ್ನು ಉಳಿಸಲು ಮದುವೆಯ ಗಂಡನ್ನು ಒತ್ತೆ ಇಡಬೇಡಿ.

ಇನ್ನೊಂದು ವಿಷಯ. ಆ ಕಾರಿಗೆ ಇಂಜಿನ್ ಹಿಂದೆ ಇದೆ, ಡಿಕ್ಕಿ ಮುಂದೆ ಇದೆ, ಅದರಲ್ಲಿ ಸ್ಟೆಪ್ನಿಯೂ ಇಲ್ಲ. ಅವತ್ತು ಹೇಳಲು ಬಾಯಿ ತೆರೆದೆ, ನೀವು ಬಿಡಲಿಲ್ಲ. ಕಾಯಿಯನ್ನು ಅಲ್ಲಿಟ್ಟರೆ ನಮ್ಮೆಲ್ಲರಿಗಿಂತ ಮುಂದೆ ದೇವರೇ ಇರುತ್ತಾನೆ.

ಹೋದ ವಾರ ನನ್ನನ್ನು ನೀರಿನ ಟ್ರ್ಯಾಕಿನ ಡ್ರೈವರುಗಳ ಗುಂಪಿಗೆ ಮುಖ್ಯಸ್ಥೆ ಮಾಡಿದರು. ಅದರಲ್ಲಿ ನಾನೊಬ್ಬಳೇ ಹೆಂಗಸು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ತಕ್ಷಣ ನಿಮಗೆ ಫೋನ್ ಮಾಡಬೇಕು ಅನ್ನಿಸಿತು. ಆದರೆ ನಿಮ್ಮ ಪ್ರಕಾರ ನಾನು ಇಂಜಿನಿಯರ್, ಡ್ರೈವರಿಗೆ ಬಡ್ತಿ ಸಿಕ್ಕರೆ ನಿಮಗೇನು ಎಂದು ಸುಮ್ಮನಾದೆ. ಮಲೆಬೆನ್ನೂರಿನ ರಸ್ತೆಯಲ್ಲಿ ಜೀಪಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು, “ಮುಂದಿನ ಗಾಡಿ ನೋಡಬ್ಯಾಡ, ಖಾಲಿ ಜಾಗ ನೋಡು, ಕೈ ತಾನೇ ಹೋಗ್ತೈತೆ” ಎಂದು ನನಗೆ ಹೇಳಿಕೊಟ್ಟವರು ಯಾರು? ಬಾತಿಯ ಹತ್ತಿರ ನಾನು ಮಾಡಿದ್ದು ಅಷ್ಟೇ. ಖಾಲಿ ಜಾಗ ನೋಡಿದೆ.

ನಯನಾ


ದಾವಣಗೆರೆ
4 ಡಿಸೆಂಬರ್ 2025

ನನ್ನ ಕೂಸು ನಯನಾಗೆ,

ನಾನು ನಿಮ್ಮ ಅಜ್ಜಿ ಹೇಳ್ತಾ ಇರೋದು, ಬರೀತಾ ಇರೋನು ಕೊಟ್ಟೂರೇಶ. ನಾನು ಹೇಳಿದಂಗೇ ಬರೀಬೇಕು, ಒಂದಕ್ಷರ ಬಿಟ್ರೆ ಸುಮ್ನಿರಲ್ಲ ಅಂತ ಹೇಳೀನಿ.

ನಿನ್ನ ಕಾಗದ ಬಂದ ದಿನದಿಂದ ನಿಮ್ಮಪ್ಪ ಅದನ್ನ ಜೇಬಿನಾಗ ಇಟ್ಕಂಡು ತಿರುಗ್ತಾನೆ. ಮೊನ್ನೆ ಈ ಕೊಟ್ಟೂರೇಶ ಬಂದು ಅವನ ಮುಂದೆ ಅತ್ತುಬಿಟ್ಟ. “ಚಿಕ್ಕಪ್ಪ, ಶಾಲು ಬೇಕಾದ್ರೆ ಹೊದ್ಕಂತೀನಿ, ಆದ್ರೆ ಬಕ್ಕೇಶನ್ನ ಕೂರಿಸ್ಕಂಡು ಹೋಗಾಕೆ ನನ್ನ ಕೈಲಿ ಆಗಲ್ಲ, ಕನಸಿನಾಗೂ ಟ್ರ್ಯಾಕ್ಟರ್ ಬರ್ತೈತೆ” ಅಂದ. ಬರಿ ಕೊಟ್ಟೂರೇಶ, ನಾಚ್ಕಬ್ಯಾಡ. ಗಂಡಸು ಅತ್ರೆ ಏನೂ ಸವೆಯಲ್ಲ.

ಆಗ ನಾನು ನಿಮ್ಮಪ್ಪನ್ನ ಕೇಳ್ದೆ, “ಮಗಳ ಹೆಸರು ಹೇಳಾಕೆ ನಿನ್ನ ಬಾಯಾಗೂ ಕಾಯಿ ಸಿಕ್ಕೊಂಡೈತೇನು?” ಅಂತ. ಎದ್ದು ಹೊರಗೆ ಹೋದ. ಕೊಟ್ಟೂರೇಶನ್ನ ಕರ್ಕಂಡು ಮನೆ ಗಾಡ್ಯಾಗ ಬಾತಿ ಹತ್ರ ಹೋಗಿ ಬಂದ. ಅಲ್ಲಿಂದ ಬಂದೋನು ಪಂಚೆ ಎಲ್ಲಾ ಮಣ್ಣು ಮಾಡ್ಕಂಡಿದ್ದ. ಏನಾತು ಅಂದ್ರೆ ಹೇಳ್ಲಿಲ್ಲ. ಅವನೇ ಬರೀಲಿ.

ನೀನು ಬಂದೇ ಬರ್ತೀಯ ಅಂತ ನಾನು ಹಾಸಿಗೆ ಒಗೆಸಿ ಇಟ್ಟೀನಿ.

ಮರುಳಸಿದ್ದಮ್ಮ

(ತಂಗಿ, ಇದು ನನ್ನ ಮಾತು. ಅವತ್ತು ಅಂಗಡಿಯಲ್ಲಿ ನಾನು ಬಾಯಿ ಬಿಡಬೇಕಿತ್ತು. ಬಿಡುತ್ತೇನೆ. ಕೊಟ್ಟೂರೇಶ.)


ದಾವಣಗೆರೆ
22 ಡಿಸೆಂಬರ್ 2025

ಮಗಳೇ,

ನಿನ್ನೆ ವರ್ತಕರ ಸಂಘದ ಸಭೆ ಆಯಿತು. ಅದನ್ನು ಹೇಳುವ ಮೊದಲು ಬಾತಿಯ ವಿಷಯ ಹೇಳುತ್ತೇನೆ.

ನಾವು ಹೋದಾಗ ನಿನ್ನ ಗಾಲಿಯ ಗುರುತು ಇನ್ನೂ ಇತ್ತು. ಹಬ್ಬದ ಹಿಂದಿನ ದಿನ ಮಳೆ ಬಿದ್ದು ಮಣ್ಣು ಹಸಿಯಾಗಿತ್ತಲ್ಲ, ಅದರಲ್ಲಿ ಒತ್ತಿದ ಗುರುತು ಒಣಗಿ ಗಟ್ಟಿಯಾಗಿ ಕೂತಿದೆ. ನಾನು ನೆಲಕ್ಕೆ ಕೂತು ಅಳೆದೆ. ಕಲ್ಲಿಗೂ ಗುರುತಿಗೂ ನಡುವೆ ನನ್ನ ಒಂದು ಗೇಣು. ಆ ಕಡೆ ಕಾಲುವೆಯ ಅಂಚಿಗೆ ಒಂದು ಗೇಣೂ ಇಲ್ಲ. ಗುರುತು ಎಲ್ಲೂ ಸೊಟ್ಟಗಿಲ್ಲ. ಸೂಜಿಗೆ ದಾರ ಪೋಣಿಸಿದ ಹಾಗೆ ಹೋಗಿದೆ. ಅದನ್ನು ನೋಡುತ್ತಾ ಅಲ್ಲೇ ಕೂತುಬಿಟ್ಟೆ. ಹಬ್ಬದ ದಿನ ನನಗೆ ಹೆದರಿಕೆಯಲ್ಲಿ ಏನೂ ಕಂಡಿರಲಿಲ್ಲ. ನನ್ನ ಮಗಳು ಏನು ಮಾಡಿದ್ದಾಳೆ ಎಂದು ಎರಡು ತಿಂಗಳ ಮೇಲೆ ಆ ಮಣ್ಣಿನಲ್ಲಿ ಕೂತು ನೋಡಿದೆ. ಕಣ್ಣಲ್ಲಿ ನೀರು ಬಂತು. ಕೊಟ್ಟೂರೇಶ ನೋಡಿಯೂ ನೋಡದ ಹಾಗೆ ಆ ಕಡೆ ತಿರುಗಿದ.

ಇನ್ನು ಸಭೆ. ನಾಗಭೂಷಣ್ ಶಾಲು ಹೊದಿಸಿ, ಹಾರ ಹಾಕಿ, ಮಾತಾಡಪ್ಪ ಎಂದು ಕೊಟ್ಟೂರೇಶನಿಗೆ ಮೈಕು ಕೊಟ್ಟರು. ಅವನು “ಅವತ್ತು ಕಾರು ಓಡಿಸಿದ್ದು” ಎಂದವನು ಅಷ್ಟಕ್ಕೇ ನಿಂತ. ನಾನು ಎದ್ದು ಹೋಗಿ ಮೈಕು ಇಸಿದುಕೊಂಡೆ. ಇದು ಅವನು ಹೇಳುವ ಮಾತಲ್ಲ, ನಾನು ಹೇಳಬೇಕಾದ್ದು.

“ಅವತ್ತು ಕಾರು ಓಡಿಸ್ದೋನು ಕೊಟ್ಟೂರೇಶ ಅಲ್ಲ. ನನ್ನ ಮಗಳು ನಯನಾ. ಇಂಜಿನಿಯರಿಂಗ್ ಓದ್ಯಾಳೆ, ಆದ್ರೆ ಕೆಲಸ ಡ್ರೈವರ್ದು. ದೊಡ್ಡ ಕಂಪನಿಯಾಗ ಡ್ರೈವರುಗಳಿಗೆಲ್ಲ ಮುಖ್ಯಸ್ಥೆ ಅದಾಳೆ” ಎಂದೆ.

ನಾಗಭೂಷಣ್, “ಮತ್ತೆ ಕಾಯಿ ಕಾಪಾಡ್ತು ಅಂತಿದ್ರಲ್ರಿ ಉಜ್ಜನಪ್ಪಾರೆ” ಎಂದರು.

“ಕಾಯಿ ಬ್ರೇಕಿನ ಬುಡಕ್ಕೆ ಸಿಕ್ಕೊಂಡಿತ್ರಿ. ಅದನ್ನ ಅಲ್ಲಿ ಇಟ್ಟೋನು ನಾನೇ. ದೇವರು ಕಾಪಾಡಿದ್ದು ಖರೆ, ಆದ್ರೆ ಕಾಯಿಯಿಂದ ಅಲ್ಲ, ಮಗಳಿಂದ. ನಾನು ಹೆದ್ರಿ ಕಣ್ಣು ಮುಚ್ಕಂಡಿದ್ದೆ. ಆಕಿ ಖಾಲಿ ಜಾಗ ನೋಡಿದ್ಲು” ಎಂದೆ. ಸ್ಟೇರಿಂಗ್ ಹಿಡಿಯಲು ಕಲಿಸಿದ್ದು ನಾನೇ ಎನ್ನುವುದನ್ನೂ ಸೇರಿಸಿದೆ. ಇದ್ದ ಮಾತು ಹೇಳಲು ಸಂಕೋಚವೇಕೆ.

ಕೊಟ್ಟೂರೇಶ ತನ್ನ ಹೆಗಲ ಮೇಲಿನ ಶಾಲು ತೆಗೆದು, “ತಂಗಿದು, ಇಟ್ಕಳ್ರಿ ಚಿಕ್ಕಪ್ಪ” ಎಂದು ನನ್ನ ಕೈಗೆ ಕೊಟ್ಟ. ಎರಡು ತಿಂಗಳಲ್ಲಿ ಅವನು ನಕ್ಕದ್ದು ಅದೇ ಮೊದಲು. ಆ ಶಾಲು ಈಗ ನಿನ್ನ ಅಜ್ಜಿಯ ಮೈಮೇಲಿದೆ. ಚಳಿ ಇದೆ, ಅವಳು ಬಂದ ಮೇಲೆ ಕೊಡುತ್ತೇನೆ ಎನ್ನುತ್ತಾಳೆ. ನೀನು ಬಂದರೂ ಕೊಡುವುದು ಅನುಮಾನ.

ಹೊರಗೆ ಬಂದಾಗ ನಾಗಭೂಷಣ್ ನನ್ನ ಹೆಗಲ ಮೇಲೆ ಕೈಯಿಟ್ಟು, “ಹಂಗಾದ್ರೆ ಬಕ್ಕೇಶನ್ನ ಕರ್ಕಂಡು ಹೋಗಾಕೆ ನಿಮ್ಮ ಡ್ರೈವರ್ ಮಗಳನ್ನೇ ಕಳಿಸ್ಕೊಡ್ರಿ” ಎಂದರು. ಡ್ರೈವರ್ ಮಗಳು ಎಂಬ ಮಾತು ಯಾರ ಬಾಯಿಂದಲಾದರೂ ಬಂದರೆ ತಲೆ ತಗ್ಗಿಸಬೇಕಾಗುತ್ತದೆ ಎಂದು ಇಷ್ಟು ದಿನ ಹೆದರಿದ್ದೆ. ಎದೆ ಉಬ್ಬಿತು ಕೂಸೇ. ಮನೆಯವರೆಗೆ ನಡೆದುಕೊಂಡೇ ಬಂದೆ, ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ.

ಫೆಬ್ರುವರಿಯಲ್ಲಿ ಮದುವೆ. ಬರಬೇಕು ಎಂದು ಹೇಳುವ ಹಕ್ಕು ನನಗಿಲ್ಲ, ಆದರೂ ಹೇಳುತ್ತಿದ್ದೇನೆ. ಕಾಯಿಯನ್ನು ಮುಂದಿನ ಡಿಕ್ಕಿಯಲ್ಲಿ ಬಟ್ಟೆ ಸುತ್ತಿ ಇಡುವುದು ಎಂದು ನಾನೇ ತೀರ್ಮಾನಿಸಿದ್ದೇನೆ. ದೇವರು ಎಲ್ಲರಿಗಿಂತ ಮುಂದಿರಬೇಕು.

ಇದರೊಳಗೆ ಬನ್ನಿ ಎಲೆ ಇದೆ. ಚಿಕ್ಕವರು ದೊಡ್ಡವರಿಗೆ ಕೊಡುವುದು ಪದ್ಧತಿ. ಈ ವರ್ಷ ನಮ್ಮ ಮನೆಯಲ್ಲಿ ದೊಡ್ಡವನೇ ಮೊದಲು ಕೊಡುತ್ತಿದ್ದಾನೆ. ತೆಗೆದುಕೋ, ಬಂಗಾರದ ಹಾಗೆ ಇರೋಣ.

ನಿನ್ನ
ಅಪ್ಪಾಜಿ


ಶ್ರೀಪೆರಂಬುದೂರು
29 ಡಿಸೆಂಬರ್ 2025

ಅಪ್ಪಾಜಿ,

ಈ ಸಲ ನಿಮ್ಮ ಕಾಗದ ಆ ಇನ್ನೊಂದು ಕಟ್ಟಡಕ್ಕೆ ಹೋಗಲಿಲ್ಲ. ಗೇಟಿನವರು ನೇರವಾಗಿ ಟ್ರ್ಯಾಕಿಗೇ ತಂದರು. ಹೆಲ್ಮೆಟ್ ತೆಗೆಯುವ ಮೊದಲೇ ಕೈಗೆ ಕೊಟ್ಟರು. ಲಕೋಟೆಯ ಮೇಲೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ನೀವು ದಪ್ಪಗೆ ಬರೆದದ್ದನ್ನು ನಿಂತಲ್ಲೇ ನಿಂತು ಓದಿದೆ. ‘ನಯನಾ ಉಜ್ಜನಪ್ಪ, ಡ್ರೈವರ್.’ ಒಳಗಿನ ಕಾಗದ ತೆರೆಯಲು ತುಂಬಾ ಹೊತ್ತು ಬೇಕಾಯಿತು. ನನ್ನ ಗುಂಪಿನವರು ಏನಾಯಿತು ಎಂದು ಕೇಳಿದರು. ನಮ್ಮ ಅಪ್ಪಾಜಿ ನನಗೆ ವಿಳಾಸ ಬರೆದಿದ್ದಾರೆ ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಫೆಬ್ರುವರಿಗೆ ರಜೆ ಹಾಕಿದ್ದೇನೆ. ಹರಿಹರಕ್ಕೆ ಹೋಗುವಾಗ ಪಕ್ಕದ ಸೀಟು ಬಕ್ಕೇಶನದು. ನೀವು ಅಜ್ಜಿ, ಅವ್ವನ ಜೊತೆ ಹಿಂದಿನ ಗಾಡಿಯಲ್ಲಿ ಬನ್ನಿ. ಮದುಮಗನನ್ನು ಇಳಿಸಿದ ಮೇಲೆ ಆ ಸೀಟು ಖಾಲಿ. ವಾಪಸ್ ಬರುವ ಮೊದಲು ಹರಿಹರೇಶ್ವರನಿಗೆ ಕೈಮುಗಿದು, ಅದೇ ಗುಡಿಯ ಮುಂದೆ, ಅಷ್ಟೂ ಜನ ನೋಡುತ್ತಿರುವಾಗ, ನೀವು ಬಂದು ಕೂರಬೇಕು. ಬಾತಿಯ ಹತ್ತಿರ ಗಾಡಿ ನಿಲ್ಲಿಸುತ್ತೇನೆ. ಆ ಗೇಣು ಎಷ್ಟಿದೆ ಎಂದು ನನಗೂ ನೋಡಬೇಕು, ನಿಮ್ಮ ಕೈಯಿಂದಲೇ ಅಳೆದು ತೋರಿಸಿ.

ಬನ್ನಿ ಎಲೆಯನ್ನು ನನ್ನ ಹೆಲ್ಮೆಟ್ಟಿನ ಒಳಗೆ ಸಿಕ್ಕಿಸಿಕೊಂಡಿದ್ದೇನೆ. ಬ್ರೇಕಿನಿಂದ ದೂರವೇ ಇದೆ, ಹೆದರಬೇಡಿ.

ನಿಮ್ಮ ಮಗಳು,
ನಯನಾ ಉಜ್ಜನಪ್ಪ
ಡ್ರೈವರ್